ಡಿಗ್ರಿ ಎರಡನೇ ವರ್ಷ, ಬಾಟನಿ ಓದುತ್ತಿದ್ದೇನೆ. ಕಾಡು, ನೀರು, ಮಣ್ಣಿನ ಬಗ್ಗೆ ಮಕ್ಕಳಿಗೆ, ಊರಿನವರಿಗೆ ಹೇಳಿಕೊಡುವ ಕೆಲಸ ಮಾಡಬೇಕು. ಡಿಗ್ರಿ ಬಿಟ್ಟು ಫಾರೆಸ್ಟ್ರಿಗೆ ಸೇರಲಾ? ಏನು ಓದಬೇಕು, ಸಂಬಳ ಹೇಗಿರುತ್ತದೆ?

ಬೇಡ. ಎರಡನೇ ವರ್ಷದಲ್ಲಿದ್ದೀರಿ ಅಂದಿರಿ, ಸುಮ್ನೆ ಮುಗಿಸಿ. ನಾನು ಶಿರಸಿಯ ಅರಣ್ಯ ಕಾಲೇಜಿನಲ್ಲಿ 4 ವರ್ಷದ ಬಿಎಸ್ಸಿ ಫಾರೆಸ್ಟ್ರಿ ಓದಿ ಈ ಕೆಲಸಕ್ಕೆ ಬಂದವನು. ನನ್ನ ಜೊತೆ ಇರುವವರಲ್ಲಿ ಒಬ್ಬರದು ಬಿಎಡ್, ಒಬ್ಬರದು ಎಂಎಸ್‌ಡಬ್ಲ್ಯೂ, ಇನ್ನೊಬ್ಬರು ಪಿಯುಸಿ ಮುಗಿಸಿ ಹಕ್ಕಿ ನೋಡ್ತಾ ನೋಡ್ತಾ ಇಲ್ಲಿಗೆ ಬಂದವರು. ಮಕ್ಕಳ ಮುಂದೆ ನಿಂತಾಗ ಯಾರ ಡಿಗ್ರಿ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಮೊದಲ ಕ್ಲಾಸಿನ ಕಥೆ ಹೇಳುತ್ತೇನೆ. ಶಿರಸಿ ಹತ್ತಿರದ ಒಂದು ಶಾಲೆ. ಕಾಡು ನಾಶದ ಬಗ್ಗೆ ನಲವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ‘ಮರದ ಸೊಪ್ಪು ಕಡಿಯಬಾರದು’ ಅಂದೆ. ಆರನೇ ಕ್ಲಾಸಿನ ಹುಡುಗಿ ಎದ್ದು ನಿಂತಳು: ‘ಹಂಗಾರೆ ಕೊಟ್ಟಿಗೆಗೆ ಸೊಪ್ಪು ಎಲ್ಲಿಂದ ತರೋದು ಸರ್?’

ನನ್ನ ಬಳಿ ಉತ್ತರ ಇರಲಿಲ್ಲ. ಆ ಕಡೆ ಸೊಪ್ಪಿನ ಬೆಟ್ಟ ಅಂತ ಇದೆ. 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದ್ದು. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ಕೂಡ ತಗೊಂಡಿದ್ದೆ! ಆದರೆ ಕ್ಲಾಸಿನಲ್ಲಿ ಕೂತಿದ್ದವರೇ ಆ ಬೆಟ್ಟದ ಮಕ್ಕಳು ಅನ್ನುವುದು ತಲೆಗೆ ಹೋಗಿರಲಿಲ್ಲ. ಅವಳಿಗೆ ಬೇಕಿದ್ದದ್ದು ಎಷ್ಟು ಕಡಿದರೆ ಮರ ಮತ್ತೆ ಚಿಗುರುತ್ತದೆ, ತುದಿ ಸವರಿದರೆ ಏನಾಗುತ್ತದೆ ಅನ್ನುವ ಮಾತು. ಅದು ನನಗಿಂತ ಅವಳ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ಅವರನ್ನೇ ಶಾಲೆಗೆ ಕರೆಸಿದೆ, ನಾನು ಪಕ್ಕದಲ್ಲಿ ನಿಂತು ಕೇಳಿದೆ.

ಹಾಗಾಗಿ ಏನು ಓದಬೇಕು ಅಂದರೆ, ಮೊದಲು ನಿಮ್ಮೂರಿನ ಹೆಸರುಗಳನ್ನು. ಟರ್ಮಿನಾಲಿಯಾ ಅನ್ನುವ ವೈಜ್ಞಾನಿಕ ಹೆಸರು ನಿಮಗೆ ಬಾಯಿಪಾಠ ಇರುತ್ತದೆ. ಆ ಗುಂಪಿನ ಮರಗಳಲ್ಲೇ ಮತ್ತಿ ಯಾವುದು, ಕಿಂದಳ ಯಾವುದು ಅಂತ ತೊಗಟೆ ನೋಡಿ ಹೇಳಲು ಬರುತ್ತಾ? ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟಿದ್ದರೆ ಮತ್ತಿ. ಮಕ್ಕಳು ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ.

ಆಮೇಲೆ, ಕೈಯಿಂದ ಮಾಡಿ ತೋರಿಸುವ ನಾಲ್ಕೈದು ಪಾಠ ಕಲಿಯಿರಿ. ನನಗೆ ಇಷ್ಟವಾದದ್ದು ಡಬ್ಬಿ ಪಾಠ. ಎರಡು ಹಳೇ ಪೇಂಟ್ ಡಬ್ಬಿಯ ತಳ ಕತ್ತರಿಸಿ. ಒಂದನ್ನು ಮರದ ಕೆಳಗೆ ದರಕು ಬಿದ್ದ ಮಣ್ಣಿಗೆ, ಇನ್ನೊಂದನ್ನು ಆಟದ ಮೈದಾನಕ್ಕೆ ಎರಡಿಂಚು ಒತ್ತಿ. ಎರಡಕ್ಕೂ ಒಂದೊಂದು ಲೀಟರ್ ನೀರು ಹುಯ್ದು ಮಕ್ಕಳಿಗೆ ಎಣಿಸಲು ಹೇಳಿ. ನಾನು ಮಾಡಿಸಿದಾಗ ಮರದ ಕೆಳಗಿನದು ನೂರು ಎಣಿಸುವಷ್ಟರಲ್ಲಿ ಖಾಲಿಯಾಗಿತ್ತು. ಮೈದಾನದ ಡಬ್ಬಿಯಲ್ಲಿ ಊಟದ ಬೆಲ್ ಹೊಡೆದರೂ ಅರ್ಧ ನೀರು ಹಾಗೇ ನಿಂತಿತ್ತು. ಬಾವಿಗೆ ನೀರು ಎಲ್ಲಿಂದ ಬರುತ್ತದೆ ಅಂತ ಆಮೇಲೆ ನಾನು ಭಾಷಣ ಮಾಡಬೇಕಾಗಲಿಲ್ಲ.

ಇನ್ನು ಕೋರ್ಸು. ಬಿಎಸ್ಸಿ ಆದಮೇಲೆ ಎಂಎಸ್ಸಿ ಪರಿಸರ ವಿಜ್ಞಾನ ಮಾಡಬಹುದು. ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವೇ ಇದೆ, ಭದ್ರಾ ಕಾಡು ಪಕ್ಕದಲ್ಲೇ. ಹೇಳಿಕೊಡುವ ಕಲೆ ಬೇಕಾದರೆ ಬಿಎಡ್. 1984ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ಪರಿಸರ ಶಿಕ್ಷಣ ಕೇಂದ್ರ, ಅಂದರೆ ಸಿಇಇ, ಬೆಂಗಳೂರಿನಲ್ಲೂ ಇದೆ. ಅಂಥ ಕಡೆ ಇಂಟರ್ನ್ ಆಗಿ ಹೋಗಿ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನಕ್ಕೆ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಜೊತೆಗೆ ಬರಲಾ ಅಂತ ನಿಮ್ಮ ವಲಯ ಕಚೇರಿಯಲ್ಲಿ ಕೇಳಿ ನೋಡಿ. ಡಿಗ್ರಿಯಲ್ಲಿ ಎಲ್ಲರೂ ಕಾಟಾಚಾರಕ್ಕೆ ಬರೆಯುವ ಪರಿಸರ ಪೇಪರ್ ಇದೆಯಲ್ಲ, 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಪಾಠ ಕಡ್ಡಾಯ ಅಂದದ್ದರಿಂದ ಬಂದಿದ್ದು ಅದು. ಅದನ್ನು ಚೆನ್ನಾಗಿ ಪಾಠ ಮಾಡುವವರು ಕಡಿಮೆ.

ಸಂಬಳ ಕೇಳಿದಿರಿ. ಶುರುವಿನಲ್ಲಿ ನನ್ನದು ಸರ್ಕಾರಿ ಹೈಸ್ಕೂಲ್ ಮೇಷ್ಟ್ರ ಸಂಬಳದ ಅರ್ಧವೂ ಇರಲಿಲ್ಲ. ಒಂದು ಪ್ರಾಜೆಕ್ಟಿನ ದುಡ್ಡು ಮುಗಿದಾಗ ಐದು ತಿಂಗಳು ಮನೆಯಲ್ಲೇ ಕೂತಿದ್ದೆ. ಅದಕ್ಕೇ ಬಿಎಡ್ ಇರಲಿ ಅನ್ನುವುದು. ವಿಜ್ಞಾನದ ಮೇಷ್ಟ್ರಾಗಿ ಶಾಲೆಯ ಇಕೋ ಕ್ಲಬ್ ನಡೆಸಿದರೂ ಇದೇ ಕೆಲಸ, ತಿಂಗಳ ಕೊನೆಗೆ ಸಂಬಳ ಜಾಸ್ತಿ ಅಷ್ಟೇ.