25 ಅಲ್ಲ, 25.4ರಿಂದ ಭಾಗಿಸಿ

ಪ್ರಶ್ನೆ: ಪುಸ್ತಕದ ಕಪಾಟು ಮಾಡಿಸಬೇಕು. ಡ್ರಾಯಿಂಗ್ ಪೂರ್ತಿ ಮಿಲಿಮೀಟರ್‌ನಲ್ಲಿದೆ, ಎತ್ತರ 1800. ನಮ್ಮ ಆಚಾರ್ರು ಇಂಚು, ನೂಲು (ಇಂಚಿನ ಎಂಟನೇ ಒಂದು ಭಾಗ) ಬಿಟ್ಟು ಬೇರೆ ಅಳತೆ ಕೇಳೋದೇ ಇಲ್ಲ. 25ರಿಂದ ಭಾಗಿಸಿ 6 ಅಡಿ ಅಂದ್ಬಿಟ್ಟರೆ ಸಾಕಲ್ವಾ ಸರ್?

ಉತ್ತರ: ಸಾಕಾಗೋದಿಲ್ಲ. ಒಂದು ಇಂಚು ಅಂದರೆ ಸರಿಯಾಗಿ 25.4 ಮಿ.ಮೀ. ಆ 0.4 ಚಿಕ್ಕದಾಗಿ ಕಾಣುತ್ತೆ, ಆದರೆ 6 ಅಡಿಗೆ 1828.8 ಮಿ.ಮೀ. ಆಗುತ್ತೆ. ನಿಮ್ಮ ಕಪಾಟು ಒಂದು ಇಂಚು ಒಂದು ನೂಲಿನಷ್ಟು ಎತ್ತರ ಜಾಸ್ತಿಯಾಗಿ, ಮೇಲೆ ಸಜ್ಜಾ ಇದ್ದರೆ ಒಳಗೆ ಕೂರೋದೇ ಇಲ್ಲ.

ಹೀಗೆ ಮಾಡಿ. 1800ನ್ನು 25.4ರಿಂದ ಭಾಗಿಸಿದರೆ 70.866. ಆ 70 ಇಂಚನ್ನು ಪಕ್ಕಕ್ಕಿಡಿ. ಉಳಿದ 0.866ನ್ನು 8ರಿಂದ ಗುಣಿಸಿ, 6.93 ಬರುತ್ತೆ, ಅಂದರೆ 7 ನೂಲು. ಇಂಚಿಗೆ 8 ನೂಲು ಅಲ್ವಾ, ಅದಕ್ಕೇ 8. ಆಚಾರ್ರಿಗೆ "70 ಇಂಚು 7 ನೂಲು" ಅನ್ನಿ, ಅವರಿಗೆ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಒಂದೊಂದು ಖಾನೆಯನ್ನೂ ಬೇರೆ ಬೇರೆ ಇಂಚಿಗೆ ತಂದು ಕೂಡಿಸಬೇಡಿ. 290 ಮಿ.ಮೀ.ನ ಐದು ಖಾನೆ ಇದೆ ಅಂದುಕೊಳ್ಳಿ. ಒಂದಕ್ಕೆ 11 ಇಂಚು 3 ನೂಲು ಅಂತ ಹಿಡಿದರೆ ಪ್ರತಿ ಖಾನೆಯಲ್ಲೂ ಒಂದು ಮಿ.ಮೀ.ಗಿಂತ ಚೂರು ಹೆಚ್ಚೇ ಕೊರತೆ ಬೀಳುತ್ತೆ, ಐದು ಸೇರಿದರೆ 5 ಮಿ.ಮೀ. ದಾಟುತ್ತೆ. ಅದರ ಬದಲು ಕೆಳಗಿನ ತುದಿಯಿಂದಲೇ 290, 580, 870 ಅಂತ ಒಟ್ಟು ಅಳತೆ ಬರೆದುಕೊಂಡು, ಒಂದೊಂದನ್ನೂ ಒಂದೇ ಸಲ ಇಂಚಿಗೆ ತನ್ನಿ. ಆಗ ತಪ್ಪು ಕೂಡುತ್ತಾ ಹೋಗಲ್ಲ.

ಪ್ಲೈವುಡ್ ದಪ್ಪದ ವಿಷಯಕ್ಕೆ ಬಂದರೆ, 18 ಎಂಎಂ ಪ್ಲೈಯನ್ನು ಎಲ್ಲರೂ ಮುಕ್ಕಾಲು ಇಂಚು ಅಂತಾರೆ, ಮುಕ್ಕಾಲು ಇಂಚು ಅಂದರೆ 19 ಎಂಎಂ. ನಾನೂ ಹಾಗೇ ಹಿಡಿದು ಡ್ರಾಯರ್ ಬಾಕ್ಸ್ ಕೊಯ್ಸಿದ್ದೆ. ಎರಡು ಪಕ್ಕ ಸೇರಿ 2 ಎಂಎಂ ಸಡಿಲ ಉಳಿಯಿತು, ಡ್ರಾಯರ್ ಜಾರೋ ಚಾನೆಲ್ ಸರಿಯಾಗಿ ಹಿಡಿಯಲಿಲ್ಲ, ಕೊನೆಗೆ ಪಕ್ಕಕ್ಕೆ ಸನ್‌ಮೈಕಾ ತುಂಡು ಕೊಟ್ಟು ಸರಿ ಮಾಡಬೇಕಾಯಿತು. ಹಾಗಾಗಿ ದಪ್ಪ ಕಳೆಯೋ ಲೆಕ್ಕವನ್ನು ಮೊದಲು ಎಂಎಂನಲ್ಲೇ ಮುಗಿಸಿ, ಬಂದ ಉತ್ತರವನ್ನು ಮಾತ್ರ ಇಂಚಿಗೆ ತನ್ನಿ.

ಡ್ರಾಯರ್, ಬಾಗಿಲಿನಂಥ ಕಡೆ ನೂಲೂ ದೊಡ್ಡದೇ, ಯಾಕಂದರೆ ಒಂದು ನೂಲಿಗೆ 3 ಎಂಎಂಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಅರ್ಧ ನೂಲಿನವರೆಗೂ ಹೇಳಿ. ಇಲ್ಲದಿದ್ದರೆ ಎರಡೂ ಗುರುತಿರೋ ಟೇಪು ಅವರ ಕೈಗೆ ಕೊಟ್ಟು, ಅಷ್ಟು ಭಾಗ ಎಂಎಂನಲ್ಲೇ ಗುರುತು ಹಾಕಿಸಿ.