ಆರ್ಗನೋಮೆಟಾಲಿಕ್ ವೇಗವರ್ಧನೆಯಲ್ಲಿ ಪಿಎಚ್.ಡಿ. ಮಾಡಿದರೆ ಕೆಲಸ ಹೇಗಿರುತ್ತದೆ?

ಎಂ.ಎಸ್ಸಿ. ಮುಗಿಸಿರುವ ನೀವು, ಪಿಎಚ್.ಡಿ.ಗೆ ಆರ್ಗನೋಮೆಟಾಲಿಕ್ ವೇಗವರ್ಧನೆಯನ್ನು (ಸಾವಯವ ಅಣುಗಳೊಂದಿಗೆ ಬೆಸೆದ ಲೋಹಗಳಿಂದ ಕ್ರಿಯೆಗಳನ್ನು ವೇಗಗೊಳಿಸುವ ವಿದ್ಯೆಯನ್ನು) ಆರಿಸಿಕೊಂಡರೆ ದಿನನಿತ್ಯದ ಕೆಲಸ ಹೇಗಿರುತ್ತದೆ, ಅದು ಸಾವಯವ ಸಂಶ್ಲೇಷಣೆಗಿಂತ ಎಷ್ಟು ಭಿನ್ನ ಎಂದು ಕೇಳಿದ್ದೀರಿ. ಎರಡರಲ್ಲೂ ವರ್ಷಗಳನ್ನು ಕಳೆದ ನನಗೆ ಕೈಕೆಲಸದಲ್ಲಿ ದೊಡ್ಡ ಅಂತರ ಕಂಡಿಲ್ಲ. ಅನುಮಾನಪಡಬೇಕಾದ ಜಾಗ ಮಾತ್ರ ಬೇರೆ. ಸಂಶ್ಲೇಷಣೆಯಲ್ಲಿ ಬೇಕಾದ ಅಣು ಸಿಕ್ಕಿತೇ ಎಂಬ ಪ್ರಶ್ನೆಗೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರ ಬಹುಮಟ್ಟಿಗೆ ಉತ್ತರಿಸಿಬಿಡುತ್ತದೆ. ವೇಗವರ್ಧನೆಯಲ್ಲಿ ಅಣು ಸಿಕ್ಕ ಮೇಲೆ, ಅದನ್ನು ಮಾಡಿಕೊಟ್ಟ ಲೋಹ ಯಾವುದು ಎಂಬ ಪ್ರಶ್ನೆ ಏಳುತ್ತದೆ.

ನನ್ನ ಮೂರನೆಯ ವರ್ಷ ಕಳೆದದ್ದು ಒಂದು ನಿಕ್ಕಲ್ ಸಂಕೀರ್ಣದ ಹಿಂದೆ. ಆರೈಲ್ ಬ್ರೋಮೈಡನ್ನೂ ಬೋರಾನಿಕ್ ಆಮ್ಲವನ್ನೂ ಅದು ಸೊಗಸಾಗಿ ಜೋಡಿಸುತ್ತಿತ್ತು, ಇಳುವರಿ ಶೇ. 80ರ ಆಸುಪಾಸು ಇತ್ತು. ಒಂದು ದಿನ ಫ್ಲಾಸ್ಕಿನಲ್ಲಿ ಹೊಸ ಕಲಕುಕಡ್ಡಿ ಹಾಕಿದೆ. ಇಳುವರಿ ಒಂದಂಕಿಗೆ ಕುಸಿಯಿತು. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ಬಿಳಿ ಟೆಫ್ಲಾನ್ ತುದಿಯಲ್ಲಿ, ಗೀರುಗಳ ಒಳಗೆ, ಪೆನ್ಸಿಲ್ ಉಜ್ಜಿದಂತಹ ಬೂದುಗಪ್ಪು ಕಲೆಯಿತ್ತು. ಹಿಂದೆ ಯಾರೋ ಅದನ್ನು ಪಲ್ಲಾಡಿಯಂ ಕ್ರಿಯೆಗಳಿಗೆ ಬಳಸಿದ್ದರು. ಲೋಹ ಕರಗಿಸುವ ರಾಜಾಮ್ಲದಲ್ಲಿ ನೆನೆಸಿ ತೊಳೆದ ಮೇಲೆ ಅದೂ ಕೈಕೊಟ್ಟಿತು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದದ್ದು ನನ್ನ ನಿಕ್ಕಲ್ ಅಲ್ಲ, ಆ ಪಲ್ಲಾಡಿಯಂ. ಏಳು ತಿಂಗಳ ಕೆಲಸ ಹೋಯಿತು. ಮಾರ್ಗದರ್ಶಕರು ಆ ಕಡ್ಡಿಯನ್ನು ಒಂದು ಸೀಸೆಯಲ್ಲಿ ಹಾಕಿ ಮೇಜಿನ ಮೇಲೆ ಇಟ್ಟುಕೊಂಡರು.

ಇಂಥದ್ದಕ್ಕೆ ಸಿಕ್ಕಿಬಿದ್ದವರಲ್ಲಿ ನಾನು ಮೊದಲಿಗನಲ್ಲ. ನಾನು ಮಾಡುತ್ತಿದ್ದಂತಹ ಜೋಡಣೆಗೆ ಸುಝುಕಿ ಜೋಡಣೆ ಎಂದು ಹೆಸರು; ಪಲ್ಲಾಡಿಯಂ, ನಿಕ್ಕಲ್‌ನಂತಹ ಯಾವ ಸಂಕ್ರಮಣ ಲೋಹವೂ ಇಲ್ಲದೆ ಅದು ನಡೆಯುತ್ತದೆ ಎಂದು 2003ರಲ್ಲಿ ರಸಾಯನವಿಜ್ಞಾನಿ ಲೆಡ್‌ಬೀಟರ್ ಅವರ ತಂಡ ವರದಿ ಮಾಡಿತ್ತು. 2005ರಲ್ಲಿ ಅದೇ ತಂಡ, ತಾವು ಬಳಸಿದ ಸೋಡಿಯಂ ಕಾರ್ಬೊನೇಟಿನಲ್ಲಿ ನೂರು ಕೋಟಿಗೆ 50 ಭಾಗದಷ್ಟಿದ್ದ ಪಲ್ಲಾಡಿಯಮ್ಮೇ ಕಾರಣವಿರಬೇಕೆಂದು ತಾನಾಗಿ ಪ್ರಕಟಿಸಿತು. ಆ ಎರಡನೆಯ ಪ್ರಬಂಧವನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ಅಪರೂಪಕ್ಕೆ ಕಲಬೆರಕೆ ವರವೂ ಆಗುತ್ತದೆ. ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ರಸಾಯನವಿಜ್ಞಾನಿ ಕಾರ್ಲ್ ಝೀಗ್ಲರ್ ಅವರ ಆಟೋಕ್ಲೇವಿನಲ್ಲಿ (ಒತ್ತಡದ ಪಾತ್ರೆಯಲ್ಲಿ) ಎಥಿಲೀನಿನ ಉದ್ದ ಸರಪಳಿಗಳು ಬೆಳೆಯುವ ಬದಲು ಬ್ಯೂಟೀನ್ ಬಂದದ್ದು ನಿಕ್ಕಲ್ಲಿನ ಲೇಶದಿಂದ. ಹಾಗಾದರೆ ಉಳಿದ ಲೋಹಗಳು ಏನು ಮಾಡುತ್ತವೆ ಎಂದು ಒಂದೊಂದಾಗಿ ಪರೀಕ್ಷಿಸುತ್ತ ಹೋದಾಗ 1953ರಲ್ಲಿ ಟೈಟಾನಿಯಂ ಸಿಕ್ಕಿತು, ಕಡಿಮೆ ಒತ್ತಡದಲ್ಲಿ ಪಾಲಿಎಥಿಲೀನ್ ತಯಾರಾಯಿತು, 1963ರಲ್ಲಿ ಇಟಲಿಯ ಜೂಲಿಯೊ ನಾಟಾ ಅವರೊಂದಿಗೆ ನೊಬೆಲ್ ಬಂತು.

ಆದ್ದರಿಂದ ದಿನಚರಿಯ ಬಹುಪಾಲು ಏನಾದರೊಂದನ್ನು ಬಿಟ್ಟು ಇಲ್ಲವೇ ಬದಲಿಸಿ ನೋಡುವ ತಾಳೆ ಪ್ರಯೋಗಗಳೇ: ಲೋಹವಿಲ್ಲದೆ, ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡು ಅದನ್ನು ಪಳಗಿಸುವ ಅಣು) ಇಲ್ಲದೆ, ಬೇರೆ ಕಂಪನಿಯ ಪ್ರತ್ಯಾಮ್ಲದಿಂದ, ಹೊಸ ಗಾಜಿನಲ್ಲಿ. ಕೆಲಸ ಮಾಡುತ್ತಿರುವುದು ಕರಗದ ಲೋಹದ ಕಣಗಳೇ ಎಂದು ತಿಳಿಯಲು ಪಾದರಸದ ಹನಿ ಹಾಕಿ ಕ್ರಿಯೆ ನಿಲ್ಲುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ಒಂಟಿಯಾಗಿ ನಂಬಬೇಡಿ, ಏಕೆಂದರೆ ಕರಗಿರುವ ಕೆಲವು ಸಂಕೀರ್ಣಗಳನ್ನೂ ಪಾದರಸ ಕೆಡಿಸುತ್ತದೆ. ಲೇಶಮಾತ್ರದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರವಿರುವ ಕಡೆ ಸೇರಿಕೊಳ್ಳಿ. ಗಾಳಿ ತಾಗದಂತೆ ಕೆಲಸ ಮಾಡಲು ಬೇಕಾದ ಶ್ಲೆಂಕ್ ಲೈನ್, ಗ್ಲೋವ್‌ಬಾಕ್ಸ್‌ಗಳ ಪಳಗಿಕೆ ಆರು ತಿಂಗಳಲ್ಲಿ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಸಂಶ್ಲೇಷಣೆಯನ್ನು ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದರೆ ಅದೂ ಸಾಧ್ಯವಿಲ್ಲ. ಒಳ್ಳೆಯ ಫಾಸ್ಫೀನ್ (ರಂಜಕವಿರುವ) ಲಿಗ್ಯಾಂಡ್ ಒಂದನ್ನು ಕಟ್ಟಲು ಆರೇಳು ಹಂತ ಹಿಡಿಯುವುದುಂಟು, ಕೊನೆಯ ಹಂತದಲ್ಲಿ ಒಂದಿಷ್ಟು ಗಾಳಿ ನುಗ್ಗಿದರೆ ಕೈಯಲ್ಲಿ ಉಳಿಯುವುದು ಆ ಕೆಲಸಕ್ಕೆ ಬಾರದ ಫಾಸ್ಫೀನ್ ಆಕ್ಸೈಡ್.