ಗುದ್ದಿ ಓಡಿಹೋದವನ ಲೈಸೆನ್ಸ್ ಏನಾಗಬೇಕು?

ಓದುಗರ ಪತ್ರ: ನನ್ನ ತಮ್ಮ ರಾತ್ರಿ ಅಂಗಡಿ ಮುಚ್ಚಿ ಸೈಕಲ್‌ನಲ್ಲಿ ಬರುತ್ತಿದ್ದಾಗ ಗೂಡ್ಸ್ ಗಾಡಿಯೊಂದು ಹಿಂದಿನಿಂದ ಗುದ್ದಿ, ನಿಲ್ಲಿಸದೆ ಹೋಯಿತು. ಹಾಲಿನ ವ್ಯಾನಿನವರು ನೋಡಿ 108ಕ್ಕೆ ಫೋನ್ ಮಾಡಿದ್ದರಿಂದ ಜೀವ ಉಳಿಯಿತು. ಕಾಲಿಗೆ ರಾಡ್ ಹಾಕಿದ್ದಾರೆ. ಪೆಟ್ರೋಲ್ ಬಂಕಿನ ಸಿಸಿ ಕ್ಯಾಮೆರಾದಿಂದ ಗಾಡಿ ಪತ್ತೆಯಾಯಿತು, ಕೇಸೂ ಆಯಿತು. ಡ್ರೈವರ್ ಜಾಮೀನಿನ ಮೇಲೆ ಬಂದು ಮರುವಾರವೇ ಅದೇ ಗಾಡಿ ಓಡಿಸುತ್ತಿದ್ದಾನೆ, ಅದೂ ನಮ್ಮ ಮನೆ ಮುಂದೆಯೇ. ಅವನ ಲೈಸೆನ್ಸ್ ಕಿತ್ತುಕೊಳ್ಳಲು ಕಾನೂನೇ ಇಲ್ಲವಾ?
– ತುಮಕೂರು ಜಿಲ್ಲೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಬೇಜಾರಾಯಿತು, ಸಿಟ್ಟೂ ಬಂತು. ಆದರೆ ಕಾನೂನೇ ಇಲ್ಲ ಎಂದು ಕೈಚೆಲ್ಲಬೇಡಿ. ಇದೆ. ಬೆನ್ನು ಹತ್ತಿ ಕೇಳುವವರು ಬೇಕು.

ಮೊದಲು ಎಫ್‌ಐಆರ್ ಪ್ರತಿ ಕೈಗೆತ್ತಿಕೊಳ್ಳಿ. ಭಾರತೀಯ ನ್ಯಾಯ ಸಂಹಿತೆಯ 281, 125(ಬಿ) ಅಂತ ಇರಬಹುದು. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಒಂದು, ಭಾರೀ ಗಾಯ ಮಾಡಿದ್ದಕ್ಕೆ ಇನ್ನೊಂದು. ಅದರ ಪಕ್ಕದಲ್ಲಿ ‘134(ಎ)(ಬಿ), 187 ಐಎಂವಿ ಆಕ್ಟ್’ (ಅಂದರೆ ಮೋಟಾರು ವಾಹನ ಕಾಯ್ದೆ) ಎಂದು ಬರೆದಿದ್ದಾರಾ ನೋಡಿ. ಓಡಿಹೋದ ತಪ್ಪು ಇರುವುದು ಅಲ್ಲಿ. ಅದು ಇಲ್ಲದಿದ್ದರೆ ತನಿಖಾಧಿಕಾರಿಗೆ ಇವತ್ತೇ ಬರೆದು ಕೊಡಿ, ಚಾರ್ಜ್‌ಶೀಟ್‌ನಲ್ಲಾದರೂ ಸೇರಬೇಕು.

ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುವುದು ಇಷ್ಟು: ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ಡ್ರೈವರ್ ನೋಡಿಕೊಳ್ಳಬೇಕು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು. ತಪ್ಪಿದರೆ 187ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಈ ದಂಡ ಬರೀ 500 ರೂಪಾಯಿ ಇತ್ತು!

ಈಗ ಲೈಸೆನ್ಸ್ ವಿಷಯ. ಇದೇ ಕಾಯ್ದೆಯ 20ನೇ ಸೆಕ್ಷನ್ನಿನಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮಾತೊಂದಿದೆ. 134ರ ಕೆಳಗೆ ತಪ್ಪಿತಸ್ಥ ಎಂದು ಸಾಬೀತಾದರೆ ಕೋರ್ಟು ಅವನನ್ನು ಲೈಸೆನ್ಸಿಗೆ ಅನರ್ಹ ಎಂದು ಘೋಷಿಸಲೇಬೇಕು. ಮನಸ್ಸಿದ್ದರೆ ಮಾಡಬಹುದು ಅಂತಲ್ಲ, ಮಾಡಲೇಬೇಕು. ಎಷ್ಟು ದಿನ? ಕನಿಷ್ಠ ಒಂದು ತಿಂಗಳು.

ನನಗೆ ತಡೆಯಲಾಗದ್ದು ಈ ‘ಒಂದು ತಿಂಗಳು’. ಕುಡಿದು ಓಡಿಸಿದ್ದು ಸಾಬೀತಾದರೆ ಅದೇ ಸೆಕ್ಷನ್ ಕನಿಷ್ಠ 6 ತಿಂಗಳು ಅನರ್ಹಗೊಳಿಸಬೇಕು ಎನ್ನುತ್ತದೆ. ಸರಿಯಾಗೇ ಇದೆ. ಆದರೆ ಕುಡಿದಿದ್ದು ಸಾಬೀತಾಗಬೇಕಾದರೆ ಪರೀಕ್ಷೆಯಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂಗಿಂತ ಜಾಸ್ತಿ ಮದ್ಯ ಕಾಣಬೇಕು. ಕುಡಿದು ಗುದ್ದಿದವನು ಅಲ್ಲೇ ನಿಂತರೆ ಸಿಕ್ಕಿಬೀಳುತ್ತಾನೆ. ಓಡಿಹೋಗಿ, ಮಲಗೆದ್ದು, ಮಾರನೇ ದಿನ ಮಧ್ಯಾಹ್ನ ಠಾಣೆಗೆ ಬಂದರೆ? ಮದ್ಯ ಇಳಿದಿರುತ್ತದೆ, ಸಾಕ್ಷಿಯೂ ಇಳಿದಿರುತ್ತದೆ. ನಿಂತವನಿಗೆ ಕನಿಷ್ಠ 6 ತಿಂಗಳು, ಓಡಿದವನಿಗೆ ಕನಿಷ್ಠ ಒಂದು. ಓಡಿದರೇ ಲಾಭ ಅನ್ನುವ ಹಾಗಾಯಿತಲ್ವಾ? ಇದು ಬದಲಾಗಬೇಕು. ಓಡಿದವನಿಗೆ ಕುಡಿದವನಷ್ಟಾದರೂ ಆಗಬೇಕು, ನನ್ನ ಕೇಳಿದರೆ ಇನ್ನೂ ಜಾಸ್ತಿಯೇ. ಸದ್ಯ ನಿಮ್ಮ ಕೈಲಿರುವುದು ಇಷ್ಟು: ಒಂದು ತಿಂಗಳು ಕನಿಷ್ಠ ಮಾತ್ರ, ಕೋರ್ಟು ಅದಕ್ಕಿಂತ ಹೆಚ್ಚು ಕೊಡಬಹುದು. ಸರ್ಕಾರಿ ವಕೀಲರನ್ನು ಕಂಡು, 20ನೇ ಸೆಕ್ಷನ್ ಅನ್ನು ನ್ಯಾಯಾಧೀಶರ ಗಮನಕ್ಕೆ ತನ್ನಿ ಎಂದು ಕೇಳಿಕೊಳ್ಳಿ. ಆರೋಪಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುವ ದಿನವೇ ಈ ಮಾತು ಎದ್ದೇಳಬೇಕು.

ಅಲ್ಲಿಯವರೆಗೆ ಕಾಯಲೇಬೇಕಾ? ಬೇಕಿಲ್ಲ. 19ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕೊಡುವ ಅಧಿಕಾರಿಯೇ, ಅಂದರೆ ಆರ್‌ಟಿಓ, ಒಬ್ಬರನ್ನು ನಿಗದಿತ ಅವಧಿಗೆ ಅನರ್ಹಗೊಳಿಸಬಹುದು, ಲೈಸೆನ್ಸನ್ನೇ ರದ್ದು ಮಾಡಬಹುದು. ಯಾವ ಯಾವ ತಪ್ಪಿಗೆ ಎಂಬ ಪಟ್ಟಿ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 21ನೇ ನಿಯಮದಲ್ಲಿದೆ. 134 ಪಾಲಿಸದಿರುವುದೂ ಅದರಲ್ಲಿ ಸೇರಿದೆ. ಕೋರ್ಟಿನ ತೀರ್ಪು ಬಂದಿರಬೇಕು ಎಂದು ಅಲ್ಲಿ ಹೇಳಿಲ್ಲ. ಡ್ರೈವರ್‌ಗೆ ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು, ಅಷ್ಟೇ. ಎಫ್‌ಐಆರ್ ಪ್ರತಿ, ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ಆಸ್ಪತ್ರೆಯವರು ಕೊಡುವ ಪತ್ರ) ಇಟ್ಟು ಅರ್ಜಿ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳದೆ ಮಾತ್ರ ಬರಬೇಡಿ.

ಅನರ್ಹಗೊಂಡ ಮೇಲೂ ಓಡಿಸಿದರೆ ಅದು ಬೇರೆಯೇ ಅಪರಾಧ: 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕನೂ ಸಿಕ್ಕಿಕೊಳ್ಳುತ್ತಾನೆ.

ಡ್ರೈವರ್‌ಗಳ ಕಡೆಯ ಮಾತೂ ಒಂದಿದೆ, ಅದನ್ನು ಬಿಟ್ಟರೆ ಅನ್ಯಾಯ. ನಿಂತರೆ ಜನ ಬಡಿದು ಸಾಯಿಸುತ್ತಾರೆ ಎಂಬ ಭಯ ಸುಳ್ಳಲ್ಲ. ತಪ್ಪು ಯಾರದು ಎಂದು ಕೇಳದೆ ಕೈ ಎತ್ತುವವರು ನಮ್ಮ ನಡುವೆಯೇ ಇದ್ದಾರೆ. ಓಡಿಹೋಗಿ ಸಾವಿಗೆ ಕಾರಣನಾದವನಿಗೆ 10 ವರ್ಷದವರೆಗೆ ಜೈಲು ಎನ್ನುವ ನ್ಯಾಯ ಸಂಹಿತೆಯ 106(2) ಬಂದಾಗ, 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರಕ್ಕೆ ಇಳಿದದ್ದು ಇದೇ ಭಯ ಮುಂದಿಟ್ಟು. ಆ ವರ್ಷ ಜುಲೈ 1ರಿಂದ ಸಂಹಿತೆ ಜಾರಿಯಾದಾಗ ಆ ಒಂದು ಉಪಸೆಕ್ಷನ್ ತಡೆಹಿಡಿಯಲಾಯಿತು. ಆದರೆ 134 ಈ ಭಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಜನ ಮೇಲೆ ಬೀಳುವ ಪರಿಸ್ಥಿತಿ ಇದ್ದರೆ ಆಸ್ಪತ್ರೆಗೆ ಸೇರಿಸಲು ಆಗದಿದ್ದದ್ದಕ್ಕೆ ವಿನಾಯಿತಿ ಇದೆ. ಠಾಣೆಗೆ ತಿಳಿಸದೆ ಇರುವುದಕ್ಕೆ ಇಲ್ಲ. ನಿಮ್ಮ ತಮ್ಮ ಬಿದ್ದಿದ್ದ ರಸ್ತೆಯಲ್ಲಿ ಜನವೇ ಇರಲಿಲ್ಲ ಅನಿಸುತ್ತದೆ, ಇದ್ದಿದ್ದರೆ ಹಾಲಿನ ವ್ಯಾನ್ ಬರುವವರೆಗೆ ಅವನು ಯಾಕೆ ಬಿದ್ದಿರುತ್ತಿದ್ದ? ಯಾರಿಗೆ ಹೆದರಿ ಓಡಿದ ಎಂದು ಆರ್‌ಟಿಓ ಅವನನ್ನು ಕೇಳಲಿ. ಮುಂದೆ ಹೋಗಿ 108ಕ್ಕೆ ಒಂದು ಫೋನ್ ಮಾಡಲು ಏನಾಗಿತ್ತು ಎಂದೂ ಕೇಳಲಿ.

2022ರಲ್ಲಿ ದೇಶದಲ್ಲಿ ಹೀಗೆ ಗುದ್ದಿ ಓಡಿದ ಪ್ರಕರಣಗಳು 67,387. ಸತ್ತವರು 30,486. ಗಾಡಿ ಪತ್ತೆಯೇ ಆಗದ ಮನೆಗಳವರು ಇದನ್ನು ಓದುತ್ತಿದ್ದರೆ, ಸಾವಿಗೆ 2 ಲಕ್ಷ, ಭಾರೀ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ 2022ರ ಏಪ್ರಿಲ್ 1ರಿಂದ ಇದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ.

ನಿಮ್ಮ ವಿಷಯದಲ್ಲಿ ಗಾಡಿ ಸಿಕ್ಕಿದೆ, ಹಾಗಾಗಿ ದಾರಿ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಿ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ಕಾಯ್ದೆ ಹೇಳುತ್ತದೆ. ಆಸ್ಪತ್ರೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಅಂಗಡಿ ಮುಚ್ಚಿದ ದಿನಗಳ ಲೆಕ್ಕ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡು ಈ ವಾರವೇ ವಕೀಲರನ್ನು ನೋಡಿ. ಆರ್‌ಟಿಓ ಅರ್ಜಿಗೆ ಏನು ಉತ್ತರ ಬಂತು ಎಂದು ನಮಗೂ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.